ಪರದೆಯ ಬೆಲೆ

ಫೆಬ್ರವರಿ 6, ಸೋಮವಾರ

ಮಹಾಜನರೇ! ದೀಪಗಳು ಆರಲಿ, ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಲಿ. ಮಾಜಿ ಚಕ್ರವರ್ತಿ, ಮಾಜಿ ಸೇನಾಪತಿ, ಎರಡು ಸೀಸನ್ನಿನ ಮಟ್ಟಿಗೆ ಮಾಜಿ ಕುರುಡ ಮುದುಕ, ಈ ಹೊತ್ತು ಕಳ್ಳನ ಪಾತ್ರದಲ್ಲಿ ರಂಗಪ್ರವೇಶ ಮಾಡುತ್ತಿದ್ದಾನೆ!

ಯಾರೂ ಓದದ ದಿನಚರಿ ಪುಸ್ತಕಕ್ಕೆ ಇಷ್ಟು ಅಬ್ಬರ ಯಾಕೆ? ಬಾಯಿಗೆ ಬೀಗ ಹಾಕಿದ್ದಾರೆ, ಅದಕ್ಕೆ. ಕೋರ್ಟು ನನಗೆ ಪುಕ್ಕಟೆಯಾಗಿ ಕೊಟ್ಟಿರುವ ವಕೀಲಮ್ಮ, ಇನ್ನೂ ಚಿಕ್ಕ ವಯಸ್ಸು, ಇವತ್ತು ಜಾಮೀನು ಕೊಡಿಸಿ ಹೊರಗೆ ಕರೆತಂದ ಮೇಲೆ ಮೆಟ್ಟಿಲ ಮೇಲೇ ನಿಲ್ಲಿಸಿಕೊಂಡು ಹೇಳಿದರು. "ಸಾರ್, ಕೇಸಿನ ವಿಷಯ ಯಾರ ಹತ್ರಾನೂ ಮಾತಾಡಬೇಡಿ. ಅಂಗಡೀಲಿ, ಬಸ್ಸಲ್ಲಿ, ಎಲ್ಲೂ."

"ಮನೇಲಿ?"

"ಮನೇಲೂ ಸ್ವಲ್ಪ ಕಮ್ಮಿ ಮಾಡಿ."

"ಅಯ್ಯೋ, ಅದೊಂದು ಕೋರ್ಟೇ ಆರ್ಡರ್ ಮಾಡಲಿ ತಾಯಿ," ಅಂದಳು ಪಕ್ಕದಲ್ಲಿದ್ದ ನನ್ನವಳು. "ಮದುವೆ ಆದಾಗಿನಿಂದ ಕಾಯ್ತಿದೀನಿ."

ಆದ್ದರಿಂದ ಬರೆಯುತ್ತಿದ್ದೇನೆ. ಕಥೆ ಇಷ್ಟೇ. ನಾನು ದುಡಿದ ರಂಗಮಂದಿರ ಮಾರಾಟವಾಯಿತು. ಮೊದಲು ಅಲ್ಲಿ ವೇಷ ಹಾಕಿದೆ, ಗಂಟಲು ಕೆಟ್ಟ ಮೇಲೆ ಅಲ್ಲೇ ಮ್ಯಾನೇಜರ್ ಆದೆ. ಕೊಂಡವನು ಸೋಫಾ, ಮಂಚ ಮಾರುವ ಸಾಹುಕಾರ. ಕುರ್ಚಿ ಕಿತ್ತರು, ದೀಪ ಕಿತ್ತರು. ಉಳಿದದ್ದು ಪರದೆ. ಕಡುಗೆಂಪು ಮಖಮಲ್ಲಿನ ಮುಂಪರದೆ, ಎದ್ದರೆ ಗಾಳಿ ಬೀಸುವಂಥದ್ದು. "ಸಾಹುಕಾರ್ರೇ, ಇದನ್ನ ನನಗೆ ಕೊಡಿ" ಎಂದು ಕೇಳಿದೆ. ಆತ ನಕ್ಕು, "ಲಾರೀಲಿ ಸೋಫಾ ಉಜ್ಜಿಹೋಗಬಾರದು ಅಂತ ಸುತ್ತೋಕೆ ಚೆನ್ನಾಗಿರುತ್ತೆ, ಕತ್ತರಿಸ್ತೀನಿ" ಅಂದ. ಮಾರನೆಯ ದಿನ ಹಾಡುಹಗಲಲ್ಲಿ ನಾನೇ ಬಿಚ್ಚಿಸಿ, ಟೆಂಪೋದಲ್ಲಿ ಹಾಕಿಸಿಕೊಂಡು ಮನೆಗೆ ತಂದೆ.

ಕದಿಯುವುದು ಸುಲಭ ಸ್ವಾಮಿ, ಇಡುವುದು ಕಷ್ಟ. ನಮ್ಮದು ಬಾಡಿಗೆಯ ಒಂದೂವರೆ ಕೋಣೆ. ಪರದೆ ಮಂಚ ತುಂಬಿ, ನಡುಮನೆ ತುಂಬಿ, ಬಾಗಿಲಾಚೆ ನಾಲಗೆ ಚಾಚಿತ್ತು. ಪೊಲೀಸಿನವರು ವಿಳಾಸ ಕೂಡ ಕೇಳಲಿಲ್ಲವಂತೆ, ಬೀದಿಯ ತುದಿಯಿಂದಲೇ ಕಂಡಿತಂತೆ.

ಲಾಕಪ್ಪಿನಲ್ಲಿ ಒಂದು ರಾತ್ರಿ. ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಅದನ್ನು ತಲೆಯಿಂದ ಕಾಲಿನವರೆಗೆ ಚುಚ್ಚಿದ ಹಾಗಿದೆ.

ಫೆಬ್ರವರಿ 9, ಗುರುವಾರ

ಮಹಾಜನರೇ, ನ್ಯಾಯಾಲಯವೆಂದರೆ ನಾನು ಏನೆಂದುಕೊಂಡಿದ್ದೆ! ಕಟಕಟೆ, ಆಣೆ, "ಸುಳ್ಳು, ಸ್ವಾಮಿ, ಸುಳ್ಳು!" ಎಂಬ ಚೀರಾಟ, ಕೊನೆಗೆ ಸತ್ಯದ ಸಿಡಿಲು! ನಾನೇ ಆಡಿದ್ದೇನೆ ಇದನ್ನೆಲ್ಲ. ಮೂರನೇ ಅಂಕದಲ್ಲಿ ಹೆಂಗಸರು ಸೆರಗಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಲ್ಲಿ ಎಲ್ಲ ನಡೆಯುವುದು ಕೋರ್ಟು ಕೋಣೆಯ ಹೊರಗಿನ ಮೊಗಸಾಲೆಯಲ್ಲಿ. ಗೋಡೆಗೆ ಆನಿಸಿದ ಬೆಂಚು, ಅದರ ಮೇಲೆ ನಾವು ಕಳ್ಳರು ಸಾಲಾಗಿ. ಸರ್ಕಾರಿ ವಕೀಲರು ಫೈಲುಗಳನ್ನು ಎದೆಗೆ ಅವಚಿಕೊಂಡು, ನೆಗಡಿಯಿಂದ ಸೀನುತ್ತ ಬರುತ್ತಾರೆ. ನಮ್ಮ ಕಡೆಯ ವಕೀಲರು ಅವರ ಜೊತೆ ನಡೆಯುತ್ತಲೇ ಮಾತಾಡುತ್ತಾರೆ.

"ತಾಮ್ರದ ಪೈಪಿಂದು ಏನ್ ಮಾಡೋಣ?"

"ಒಪ್ಕೋತಾನೆ, ಸಣ್ಣ ಕೇಸಿಗೆ ಇಳಿಸಿ."

"ಹಿಂದೆ ಕೇಸು ಏನಾದ್ರೂ ಇದೆಯಾ?"

"ಇಲ್ಲ, ಮೊದಲನೇ ಸಲ."

"ಸರಿ, ಬರ್ಕೊಳ್ಳಿ."

ಮುಗಿಯಿತು! ತಾಮ್ರದ ಪೈಪು ಕದ್ದವನ ಬದುಕಿನ ಕಥೆ ನೀರಿನ ನಲ್ಲಿಯ ಹತ್ತಿರ ಮುಗಿಯಿತು. ಅವನಿಗೆ ಅದು ಗೊತ್ತೂ ಇಲ್ಲ, ಪಾಪ, ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದ. ಒಳಗೆ ನ್ಯಾಯಾಧೀಶರ ಮುಂದೆ ಹೋಗುವುದು ಬರೀ ತಲೆಯಾಡಿಸುವುದಕ್ಕೆ.

ನನಗೆ ತಾರೀಖು ಕೊಟ್ಟರು. ಮುಂದಿನ ತಿಂಗಳು.

ಫೆಬ್ರವರಿ 20, ಸೋಮವಾರ

ವಕೀಲಮ್ಮನ ಆಫೀಸು. ಮೂರು ಮೇಜು, ಒಂದೇ ಫ್ಯಾನು, ಅದೂ ಬೇರೆಯವರ ಕಡೆಗೆ ತಿರುಗಿದೆ.

ಕಳವಿಗೆ ಒಂದು ಗೆರೆ ಇದೆಯಂತೆ. ಕದ್ದ ಮಾಲಿನ ಬೆಲೆ ಆ ಗೆರೆಯ ಮೇಲಿದ್ದರೆ ಅದು ದೊಡ್ಡ ಕಳವು, ಜೈಲು ಹೆಚ್ಚುಕಮ್ಮಿ ಖಾಯಂ. ಕೆಳಗಿದ್ದರೆ ಸಣ್ಣ ಕಳವು. ತಪ್ಪು ಒಪ್ಪಿಕೊಂಡರೆ ಒಂದು ವರ್ಷ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುತ್ತಾರೆ. ಪೊಲೀಸಿನವರು ಹೊಸ ಮಖಮಲ್ಲಿನ ಬೆಲೆ ಹಿಡಿದು ನನ್ನನ್ನು ಗೆರೆಯ ಮೇಲೆ ಕೂರಿಸಿದ್ದಾರೆ.

"ಅದು ಹೊಸದಲ್ಲ ಅಂತ ತೋರಿಸಿದರೆ ಸಾಕು ಸಾರ್. ಕೆಳಗೆ ಬರ್ತೀವಿ. ನಿಮ್ಮ ಕೇಸಿನಲ್ಲಿ ಬೇರೆ ಏನೂ ಇಲ್ಲ."

"ಬೇರೆ ಏನೂ ಇಲ್ಲವೇ? ನಾನು ಯಾಕೆ ತಂದೆ ಅನ್ನೋದು?"

"ಅದು ಯಾರಿಗೂ ಬೇಡ ಸಾರ್," ಅಂದರು. ಕೆಟ್ಟದಾಗಿ ಹೇಳಲಿಲ್ಲ. ಕಿಟಕಿ ಮುಚ್ಚಿ, ಧೂಳು ಬರುತ್ತೆ ಅನ್ನುವ ಹಾಗೆ ಹೇಳಿದರು.

ಮನೆಗೆ ಬಂದು ಹೇಳಿದೆ. ನನ್ನವಳು ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ ಕೇಳಿದಳು. "ಅಂದ್ರೆ ಆ ಪರದೆ ಹಳೇದು ಅಂದ್ಬಿಟ್ರೆ ನೀವು ಜೈಲಿಗೆ ಹೋಗಲ್ಲ?"

"ಹೌದು."

"ಹಳೇದು ತಾನೇ?"

ಚಪ್ಪಲಿ ಬಿಟ್ಟು ಕೈಕಾಲು ತೊಳೆಯಲು ಹೋದೆ.

ಮಾರ್ಚ್ 3, ಶುಕ್ರವಾರ

ಇವತ್ತು ಪರದೆಯ ದರ್ಶನ.

ಕೋರ್ಟಿನ ಹಿಂದೆ ಮಾಲುಖಾನೆ ಇದೆ. ಕಳವಿನ ಮಾಲೆಲ್ಲ ಕೇಸು ಮುಗಿಯುವವರೆಗೆ ಅಲ್ಲೇ ಬಿದ್ದಿರಬೇಕು. ಸೈಕಲ್ಲುಗಳು, ಒಂದು ಫ್ರಿಜ್ಜು, ಯಾರದೋ ಬಾಗಿಲು. ಬೆಲೆ ಕಟ್ಟುವವನು ನೋಡಬೇಕೆಂದು ನಾಲ್ಕು ಪೇದೆಗಳು ಪರದೆಯನ್ನು ಹೊರಗೆಳೆದು, ಕಾರು ನಿಲ್ಲಿಸುವ ಅಂಗಳದಲ್ಲಿ ಬಿಡಿಸಿದರು. ಒಬ್ಬ ಪೇದೆ, "ಯಾವ ಭೂಪ ಕದ್ದನೋ ಇದನ್ನ, ಸೊಂಟ ಹೋಯ್ತು!" ಅಂದ. ನಾನು ಸ್ವಲ್ಪ ಬಾಗಿ ವಂದಿಸಿದೆ.

ಆಮೇಲೆ ನೋಡಿದೆ.

ಇಷ್ಟು ವರ್ಷ ಅದನ್ನು ನಾನು ದೀಪದ ಬೆಳಕಿನಲ್ಲಿ ಮಾತ್ರ ಕಂಡವನು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಅದು ಕೆಂಪೇ ಅಲ್ಲ. ಒಣಗಿದ ಬೀಟ್‌ರೂಟಿನ ಸಿಪ್ಪೆಯ ಬಣ್ಣ. ಇಲಿ ತಿಂದದ್ದು, ಸಿಗರೇಟು ಸುಟ್ಟದ್ದು, ಹಗ್ಗ ಉಜ್ಜಿ ಬೋಳಾದದ್ದು. ಎತ್ತಿ ಹಿಡಿದಾಗ ತೂತುಗಳಿಂದ ಬಿಸಿಲು ತೂರಿ ನೆಲದ ಮೇಲೆ ಚುಕ್ಕಿ ಚುಕ್ಕಿ ಬಿತ್ತು.

ವಕೀಲಮ್ಮನಿಗೆ ಹಬ್ಬದೂಟ ಸಿಕ್ಕಿದಷ್ಟು ಸಂತೋಷ. "ಸಾರ್, ಎಷ್ಟು ತೂತು! ಎಷ್ಟು ಒಳ್ಳೇದಾಯ್ತು! ಈ ತೇಪೆ ನೋಡಿ, ಇಲ್ಲೊಂದು, ಅಲ್ಲಿ ಸಾಲು ಸಾಲು!" ಎಂದು ಪ್ರತಿಯೊಂದಕ್ಕೂ ಬೆರಳಿಟ್ಟು ಫೋಟೋ ತೆಗೆದರು.

ತೇಪೆ ಎಲ್ಲ ನನ್ನವಳು ಹಾಕಿದ್ದು. ಪ್ರತಿ ಸೀಸನ್ನಿನ ಮುಂಚೆ ರಂಗದ ಮೇಲೆ ಕಾಲು ಚಾಚಿ ಕೂತು, ಮಖಮಲ್ಲಿನ ಕೂದಲು ಯಾವ ಕಡೆ ವಾಲಿದೆ ನೋಡಿ, ಅದೇ ಕಡೆಗೆ ತೇಪೆಯನ್ನೂ ತಿರುಗಿಸಿ ಹೊಲಿಯುತ್ತಿದ್ದಳು. ಮೊದಲ ಸಾಲಿನಲ್ಲಿ ಕೂತವರಿಗೂ ಕಾಣುತ್ತಿರಲಿಲ್ಲ. ಬಿಸಿಲಲ್ಲಿ ಕಂಡಿತು.

ಮನೆಗೆ ಹೋಗಿ ಹೇಳಲಿಲ್ಲ. ಹೇಗಿತ್ತು ಎಂದು ಕೇಳಿದಳು. "ಭಾರ ಇತ್ತು" ಅಂದೆ.

ಮಾರ್ಚ್ 12, ಭಾನುವಾರ

ತಾಲೀಮು! ನಿರ್ದೇಶಕಿ ನನ್ನವಳು. ಸ್ಟೂಲಿನ ಮೇಲೆ ಕೂತು, ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನ್ಯಾಯಾಧೀಶೆಯಾದಳು.

"ಆರೋಪಿ, ತಪ್ಪು ಒಪ್ಕೋತೀಯಾ?"

"ಒಪ್ಪಿಕೊಳ್ಳುತ್ತೇನೆ ಮಹಾಸ್ವಾಮಿ! ಆದರೆ ಈ ಎದೆಯೊಳಗೆ..."

"ಎದೆ ಬೇಡ ರೀ. ಹೌದು ಅನ್ನಿ, ಸಾಕು."

"ಹೌದೂ..."

"ಎಳೀಬೇಡಿ. ಅಲ್ಲಿ ಗ್ಯಾಲರಿ ಇಲ್ಲ."

"ಹೌದು."

"ನೋಡಿ, ಬರುತ್ತೆ ನಿಮಗೆ," ಅಂದಳು. ಟೇಪು ತೆಗೆದು ಮಡಿಸಿದಳು. "ನೀವು ಒಳಗೆ ಹೋದ್ರೆ ನಾನು ಯಾರ ಜೊತೆ ಜಗಳ ಆಡ್ಲಿ ಹೇಳಿ. ಗೋಡೆ ತಿರುಗಿ ಬಯ್ಯಲ್ಲ."

ಅವಳಿಗೆ ಇನ್ಯಾರೂ ಇಲ್ಲ. ನನಗೂ ಇಲ್ಲ. ಒಂದು ಶಬ್ದ ಹೇಳಬೇಕು, ಅಷ್ಟೆ. ಮೂರು ತಾಸಿನ ನಾಟಕವನ್ನು ಚೀಟಿ ನೋಡದೆ ಹೇಳಿದವನು ನಾನು.

ಮಾರ್ಚ್ 14, ಮಂಗಳವಾರ

ಮಹಾಜನರೇ.

ಹೇಗೆ ಬರೆಯಲಿ. ಇದ್ದಂತೆ ಬರೆಯುತ್ತೇನೆ.

ಮೊಗಸಾಲೆಯಲ್ಲಿ ಸಣ್ಣ ಕಳವಿನ ಒಪ್ಪಂದ ಕುದುರಿತ್ತು. ಒಳಗೆ ಕರೆದರು. ನ್ಯಾಯಾಧೀಶರು ಕನ್ನಡಕದ ವಯಸ್ಸಾದ ಹೆಂಗಸು, ಪ್ರಶ್ನೆಗಳನ್ನು ಕಾಗದ ನೋಡಿ ಒಂದೇ ರಾಗದಲ್ಲಿ ಓದುತ್ತಿದ್ದರು. ಯಾರಾದರೂ ಬಲವಂತ ಮಾಡಿದ್ದಾರಾ? ಇಲ್ಲ. ಕಾಯಿಲೆ, ಔಷಧಿ ಏನಾದರೂ ಇದೆಯಾ? ಇಲ್ಲ. ಒಪ್ಪಿಕೊಂಡರೆ ಏನಾಗುತ್ತದೆ ಗೊತ್ತಾ? ಗೊತ್ತು. ಹೌದು, ಇಲ್ಲ, ಹೌದು. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಹಿಂದಿನ ಬೆಂಚಿನಲ್ಲಿ ನನ್ನವಳು ಉಸಿರು ಬಿಟ್ಟದ್ದು ಕೇಳಿಸಿತು.

ಆಗ ನ್ಯಾಯಾಧೀಶರು ಬೆಲೆಯ ಮಾತೆತ್ತಿದರು. ವಕೀಲಮ್ಮ ಎದ್ದು ಫೋಟೋಗಳನ್ನು ಕೊಟ್ಟರು. "ಮಾಲು ಪೂರ್ತಿ ಹಾಳಾಗಿದೆ. ಎಲ್ಲಿ ನೋಡಿದರೂ ತೇಪೆ, ಒರಟು ರಿಪೇರಿ. ಬಟ್ಟೆಯಾಗಿ ಉಪಯೋಗಕ್ಕೆ ಬರಲ್ಲ. ಚಿಂದಿ ಅಂತಲೇ ಪರಿಗಣಿಸಬೇಕು."

ಒರಟು ರಿಪೇರಿ. ಚಿಂದಿ.

ನಾನು ಮಾತಾಡಲಿಲ್ಲ ಸ್ವಾಮಿ, ನನ್ನಿಂದ ಮಾತು ಎದ್ದಿತು. ಗಂಟಲು ಕೆಟ್ಟು ಎಷ್ಟೋ ಕಾಲವಾಗಿತ್ತು, ಎಲ್ಲಿಂದ ಬಂತೋ ಆ ಧ್ವನಿ, ಕಿಟಕಿಯ ಗಾಜು ಗುಂಯ್ ಅಂದಿತು. "ನಿಲ್ಲಿಸಿ! ಯಾವುದನ್ನು ಚಿಂದಿಯೆನ್ನುತ್ತೀರಿ? ಯಾವುದು ಮೇಲೆದ್ದರೆ ಸಾವಿರ ಜನ ಒಟ್ಟಿಗೆ ಉಸಿರು ಹಿಡಿಯುತ್ತಿದ್ದರೋ ಅದನ್ನೇ? ಯಾವುದರ ಹಿಂದೆ ನಡುಗುತ್ತ ನಿಂತವನು ಮುಂದೆ ಬಂದಾಗ ಮಹಾರಾಜನಾಗುತ್ತಿದ್ದನೋ ಅದನ್ನೇ? ಆ ಹೊಲಿಗೆಯ ಒಂದೊಂದು ಎಳೆಗೆ ಈ ನಿಮ್ಮ ಕಟ್ಟಡ ಸಾಟಿಯಲ್ಲ!"

ನ್ಯಾಯಾಧೀಶರು ಕನ್ನಡಕ ತೆಗೆದರು. "ಅಂದರೆ, ಅದರ ಬೆಲೆ ಮಿತಿಗಿಂತ ಹೆಚ್ಚು ಅಂತ ನೀವೇ ಹೇಳ್ತಿದೀರಾ?"

ವಕೀಲಮ್ಮ ನನ್ನ ತೋಳು ಹಿಡಿದರು. ಕೊಡವಿಕೊಂಡೆ.

"ಹೆಚ್ಚು! ಅದಕ್ಕೆ ಮಿತಿಯೇ ಇಲ್ಲ!"

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಹೊರಗೆ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಸೈಕಲ್ ಕಳ್ಳ ಇರಬೇಕು. ನ್ಯಾಯಾಧೀಶರು ಏನೋ ಬರೆದುಕೊಂಡು, ಅದೇ ರಾಗದಲ್ಲಿ, "ಈ ತಪ್ಪೊಪ್ಪಿಗೆ ಸ್ವೀಕಾರ ಇಲ್ಲ. ವಿಚಾರಣೆಗೆ ಇಡಿ. ಮುಂದಿನದು ಕರೀರಿ" ಅಂದರು.

ಹೊರಗೆ ಬಂದೆ. ವಕೀಲಮ್ಮ ಬೆಂಚಿನ ಮೇಲೆ ಕೂತು ಫೋಟೋಗಳನ್ನು ಲಕೋಟೆಗೆ ತುಂಬುತ್ತ, "ಸಾರ್, ಸರ್ಕಾರಿ ವಕೀಲರಿಗೆ ಸಾಕ್ಷೀನೇ ಬೇಕಾಗಿರಲಿಲ್ಲ. ನೀವೇ ಸಾಕ್ಷಿಯಾಗಿ ಬಂದ್ರಿ" ಅಂದರು.

ಮಾರ್ಚ್ 15, ಬುಧವಾರ

ಮಲಗಿದ್ದೆ.

ಮಾರ್ಚ್ 27, ಸೋಮವಾರ

ವಕೀಲಮ್ಮನ ಆಫೀಸಿಗೆ ಹೋಗಿದ್ದೆ. ವಿಚಾರಣೆಯಾದರೆ ಸೋಲುತ್ತೇವೆ ಅಂದರು. ತಂದದ್ದು ನಿಜ, ಮನೆಯಲ್ಲಿ ಸಿಕ್ಕಿದ್ದು ನಿಜ, ಬೆಲೆ ದೊಡ್ಡದು ಎಂದು ತುಂಬಿದ ಕೋರ್ಟಿನಲ್ಲಿ ಕೂಗಿದ್ದು ನಿಜ. ಎಷ್ಟು ವರ್ಷ ಆಗಬಹುದು ಎಂದು ಕೇಳಿದೆ. ಹೇಳಿದರು. ಕೇಳಿಕೊಂಡೆ. ಫ್ಯಾನು ಇವತ್ತು ನಮ್ಮ ಕಡೆಗೆ ತಿರುಗಿತ್ತು.

ನನ್ನವಳಿಗೆ ಎಷ್ಟು ವರ್ಷ ಎಂದು ಹೇಳಿದೆ. ಅವಳು ಮೆಷಿನ್ ನಿಲ್ಲಿಸಿ, ಸೂಜಿಗೆ ದಾರ ಪೋಣಿಸಿ, ಮತ್ತೆ ತುಳಿಯಲು ಶುರು ಮಾಡಿದಳು. ದಾರ ಆಗಲೇ ಇತ್ತು ಅನ್ನಿಸುತ್ತದೆ.

ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು. "ಅವತ್ತು ನೀವು ಕೂಗಿದ್ರಲ್ಲ. ಚೆನ್ನಾಗಿತ್ತು."

"ಹ್ಞೂಂ."

"ಇನ್ನೊಂದು ಸಲ ಕೂಗಿದ್ರೆ ನಾನೇ ಕೊಲ್ತೀನಿ."

ಏಪ್ರಿಲ್ 12, ಬುಧವಾರ

ತಾರೀಖಿಗೆ ಹೋದೆ. ನ್ಯಾಯಾಧೀಶರು ರಜೆ. ಇನ್ನೊಂದು ತಾರೀಖು ಕೊಟ್ಟರು.

ಏಪ್ರಿಲ್ 27, ಗುರುವಾರ

ತಾರೀಖಿಗೆ ಹೋದೆ. ಸರ್ಕಾರಿ ವಕೀಲರು ಬೇರೆ ಕೋರ್ಟಿನಲ್ಲಿದ್ದರು.

ಸೋಫಾ ಸಾಹುಕಾರನನ್ನೂ ಸಾಕ್ಷಿಗೆಂದು ಕರೆಸಿದ್ದರು. ಬೆಂಚಿನಲ್ಲಿ ಬೇರೆ ಜಾಗವಿಲ್ಲದೆ ನನ್ನ ಪಕ್ಕಕ್ಕೇ ಬಂದು ಕೂತ. ಬೆವರು ಒರೆಸಿಕೊಂಡ.

"ಯಜಮಾನ್ರೇ, ಮೂರನೇ ಸಲ ಅಂಗಡಿ ಬಿಟ್ಟು ಬರ್ತಿದೀನಿ. ಕೇಸು ವಾಪಸ್ ತಗೋತೀನಿ ಅಂದ್ರೆ, ಅದು ನಿಮ್ಮ ಕೇಸಲ್ಲ, ಸರ್ಕಾರದ್ದು ಅಂತಾರೆ. ನನ್ನ ಪರದೆ, ನನ್ನ ಕಳ್ಳ, ನನ್ನ ಕೇಸಲ್ಲವಂತೆ!"

"ಹೌದಂತೆ," ಅಂದೆ.

"ನಿಮ್ಮ ನಾಟಕ ಒಂದು ನೋಡಿದೀನಿ ನಾನು. ಚಿಕ್ಕವನಿದ್ದಾಗ. ನೀವು ಸಾಯೋದು ಬರುತ್ತಲ್ಲ, ಎಷ್ಟು ಹೊತ್ತಾದ್ರೂ ಸಾಯದೇ ಇರ್ತಿದ್ರಿ. ನಮ್ಮಪ್ಪ, ಏಳು, ಬಸ್ಸು ಹೋಗುತ್ತೆ ಅಂತ ಎಳ್ಕೊಂಡು ಹೋದ್ರು. ಕೊನೆಗೆ ಸತ್ರಾ?"

"ಸತ್ತೆ."

ಅವನು ನಕ್ಕ. ನಾನೂ ನಕ್ಕಿರಬೇಕು. ಇಬ್ಬರಿಗೂ ಒಂದೇ ತಾರೀಖು ಕೊಟ್ಟು ಕಳಿಸಿದರು.

ಮೇ 2, ಮಂಗಳವಾರ

ವಕೀಲಮ್ಮ ಮನೆಗೇ ಬಂದಿದ್ದರು. ಬೇಸಿಗೆ ರಜೆಗೆ ಮುಂಚೆ ಫೈಲು ಕಮ್ಮಿ ಮಾಡಬೇಕೆಂದು ಸರ್ಕಾರಿ ವಕೀಲರಿಗೆ ಮೇಲಿನಿಂದ ಹೇಳಿದ್ದಾರಂತೆ. ಸಾಹುಕಾರನೂ, ಬೆಲೆ ಎಷ್ಟು ಬೇಕಾದರೂ ಕಮ್ಮಿ ಹಾಕಿಕೊಳ್ಳಿ, ಸಾಕ್ಷಿಗೆ ಅಲೆಯೋದರಿಂದ ನನ್ನನ್ನು ಬಿಟ್ಟುಬಿಡಿ ಎಂದು ಬರೆದುಕೊಟ್ಟನಂತೆ. ಮೊದಲಿದ್ದ ಒಪ್ಪಂದವೇ ಮತ್ತೆ ಸಿಕ್ಕಿದೆ.

"ಆದ್ರೆ ಸಾರ್, ಈ ಸಲ ಬೆಲೆ ವಿಷಯ ನ್ಯಾಯಾಧೀಶರು ನಿಮ್ಮನ್ನೇ ಕೇಳ್ತಾರೆ. ಅವತ್ತು ಹೇಳಿದ್ದು ದಾಖಲೆಯಲ್ಲಿದೆ. ಈಗ ನೀವೇ ನಿಮ್ಮ ಬಾಯಲ್ಲಿ ಅದಲ್ಲ ಅನ್ನಬೇಕು."

ನನ್ನವಳು ಚಹಾ ತಂದಿಟ್ಟು ಬಾಗಿಲ ಹತ್ತಿರವೇ ನಿಂತಿದ್ದಳು.

"ಹೇಳ್ತೀನಿ," ಅಂದೆ.

"ಅಭ್ಯಾಸ ಮಾಡ್ಕೋತೀರಾ?"

"ಬೇಡ."

ಮೇ 11, ಗುರುವಾರ

ಕೇಸು ಮುಗಿಯಿತು.

ಹನ್ನೊಂದರ ಹೊತ್ತಿಗೆ ಕರೆದರು. ನಮಗಿಂತ ಮುಂಚೆ ಒಬ್ಬ ಬ್ಯಾಟರಿ ಕದ್ದವನು, ಆಮೇಲೆ ಒಬ್ಬಳು ಅಂಗಡಿಯಿಂದ ಬಟ್ಟೆ ತಂದವಳು. ಇಬ್ಬರೂ ಒಪ್ಪಿಕೊಂಡರು. ಆಮೇಲೆ ನಾನು.

ಬಲವಂತ ಇದೆಯಾ? ಇಲ್ಲ. ಕಾಯಿಲೆ? ಇಲ್ಲ. ತಂದದ್ದು ನೀವೇನಾ? ಹೌದು.

ನ್ಯಾಯಾಧೀಶರು ಕಾಗದ ತಿರುವಿ ನನ್ನ ಮುಖ ನೋಡಿದರು. ಗುರುತು ಹಿಡಿದರು ಅನ್ನಿಸುತ್ತದೆ. "ಹಿಂದಿನ ಸಲ ಬೆಲೆ ಬಗ್ಗೆ ಬೇರೆ ಹೇಳಿದ್ದೀರಿ."

"ಹೌದು."

"ಈಗ ಏನು ಹೇಳ್ತೀರಿ?"

"ಹಳೇ ಬಟ್ಟೆ. ತೂತು ಬಿದ್ದಿದೆ."

"ತೇಪೆಗಳು?"

"ಇವೆ. ಕಾಣುತ್ವೆ."

"ಇನ್ನೇನಾದರೂ ಹೇಳೋದಿದೆಯಾ?" ಎಂದು ಪೆನ್ನು ಹಿಡಿದು ಸ್ವಲ್ಪ ಕಾದರು. ಕೋಣೆಯಲ್ಲಿದ್ದವರೂ ಕಾದರು. ಪೇದೆ ಕಿಟಕಿಯ ಕಡೆ ನೋಡಿದ.

"ಇಲ್ಲ," ಅಂದೆ.

ಒಂದು ವರ್ಷದ ಮುಚ್ಚಳಿಕೆ. ಅಂಗಡಿ, ಗೋದಾಮುಗಳ ಹತ್ತಿರ ತಂಟೆ ಮಾಡಬಾರದು. ತಿಂಗಳಿಗೊಮ್ಮೆ ಆಫೀಸಿಗೆ ಬಂದು ಸಹಿ ಹಾಕಬೇಕು. ಮಾಲು ಮಾಲೀಕರಿಗೆ ವಾಪಸ್. ಮುಂದಿನದು ಕರೀರಿ.

ವಕೀಲಮ್ಮ ನನ್ನ ಕೈ ಹಿಡಿದು ಕುಲುಕಿ, "ತುಂಬ ಚೆನ್ನಾಗಿ ಹೇಳಿದ್ರಿ ಸಾರ್" ಅಂದರು. ಅವರಿಗೆ ಇನ್ನೊಂದು ಕೇಸಿತ್ತು, ಓಡಿದರು.

ಅಂಗಳದಲ್ಲಿ ಪೇದೆಗಳು ಅದನ್ನು ಹೊರಗೆಳೆದು ಹಾಕಿದ್ದರು. ಸಾಹುಕಾರ ಸಹಿ ಹಾಕಿ ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ನನ್ನನ್ನು ಕಂಡು ಕೈ ಬೀಸಿ ಕರೆದ.

"ಯಜಮಾನ್ರೇ, ಬನ್ನಿ ಇಲ್ಲಿ. ಇದನ್ನ ನಾನು ತಗೊಂಡು ಏನ್ ಮಾಡ್ಲಿ? ಸೋಫಾ ಸುತ್ತೋಕೆ ಪ್ಲಾಸ್ಟಿಕ್ ತರಿಸಿ ಆಯ್ತು. ಟೆಂಪೋ ಇದೆ, ನಮ್ಮ ಹುಡುಗರೇ ಎತ್ತಿ ನಿಮ್ಮ ಮನೆಗೆ ಹಾಕ್ತಾರೆ. ಇಟ್ಕೊಳ್ಳಿ. ಬರೆದುಕೊಡ್ತೀನಿ ಬೇಕಾದ್ರೆ, ಕಳವಲ್ಲ ಅಂತ."

ಅವನು ತಮಾಷೆಗೆ ಹೇಳಲಿಲ್ಲ. ಜೇಬಿನಿಂದ ಪೆನ್ನು ತೆಗೆದಿದ್ದ.

ನನ್ನವಳು ನನ್ನ ಮುಖ ನೋಡಿದಳು. ಬಗ್ಗಿ ಅದರ ಅಂಚು ಎತ್ತಿ, ಧೂಳು ಕೊಡವಿ, ಬೆರಳಲ್ಲಿ ಒಂದು ಹೊಲಿಗೆ ಸವರಿ ನೋಡಿದಳು. "ಮಂಚದ ಕೆಳಗೆ ಅರ್ಧ ಹಿಡಿಸುತ್ತೆ," ಅಂದಳು. "ಮಿಕ್ಕಿದ್ದು ಮೆಷಿನ್ ಹಿಂದೆ. ಇರಲಿ ಬಿಡಿ ರೀ. ನಾನೇನೂ ಅನ್ನಲ್ಲ."

"ಬೇಡ," ಅಂದೆ. "ಮನೇಲಿ ಜಾಗ ಇಲ್ಲ."

"ನಿಜವಾಗ್ಲೂ ಬೇಡ್ವಾ?" ಅಂದ ಸಾಹುಕಾರ. ಅವನ ಮುಖ ಒಂಥರಾ ಆಯಿತು.

"ಬೇಡ."

ಅವನು ಪೆನ್ನು ಜೇಬಿಗಿಟ್ಟು, ಹುಡುಗರನ್ನು ಕರೆದು ಗುಜರಿಯವನಿಗೆ ಫೋನ್ ಮಾಡಲು ಹೇಳಿದ. ನಾವು ಗೇಟು ದಾಟಿ ಬಸ್ ನಿಲ್ದಾಣಕ್ಕೆ ಬಂದೆವು. ನೆರಳಿರಲಿಲ್ಲ. ಕೇಸು ಮುಗಿಯಿತಲ್ಲ, ಸಂತೋಷವಾಗಬೇಕು, ಆಗುತ್ತದೆ, ನಾಳೆಯೋ ನಾಡಿದ್ದೋ.

"ಯಾಕೆ ಬೇಡ ಅಂದ್ರಿ?" ಎಂದು ಕೇಳಿದಳು.

"ಹಳೇ ಬಟ್ಟೆ ಕಣೇ ಅದು."

ಅವಳು ಆಚೆ ತಿರುಗಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅಳುತ್ತಿದ್ದಾಳೆ. ನನ್ನನ್ನು ಹಿಡಿದುಕೊಂಡು ಹೋದ ದಿನವೂ ಅತ್ತಿರಲಿಲ್ಲ. ಜೈಲೆಂದಾಗಲೂ ಅತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಯಾಕೆ ಅಳಬೇಕೋ ನನಗೆ ತಿಳಿಯಲಿಲ್ಲ.

"ಏನಾಯ್ತೇ?"

"ಏನಿಲ್ಲ. ನೀವು ಬಸ್ ನೋಡಿ."

ಬಸ್ ನೋಡಿದೆ. ದೂರದಲ್ಲಿ ಬರುತ್ತಿತ್ತು. ಕೈ ಅಡ್ಡ ಹಿಡಿದೆ.